ಹಳದಿ ಸವಾರರು

ಭಾಲ್ಕಿ
೧೯ ಡಿಸೆಂಬರ್ ೨೦೨೪

ನನ್ನ ಪ್ರೀತಿಯ ಶತ್ರು ರುಖ್ಸಾರ,

ಮದುವೆಯಾಗಿ ಎರಡು ವಾರ ಆಗಿಲ್ಲ, ಆಗಲೇ ಯುದ್ಧದ ಪತ್ರ! ನಗುತ್ತಿದ್ದೀಯ, ಗೊತ್ತು. ನಗು. ಆದರೆ ಕಿಲ್ಲಾ ಆಟ ನಿಲ್ಲಬಾರದು, ಇನ್ನು ಮೇಲೆ ಪ್ರತಿ ನಡೆಯ ಹುಕುಂ ಪೋಸ್ಟಿನಲ್ಲಿ ಎಂದು ಅರಿಶಿನದ ದಿನ ನನ್ನ ಕೈ ಹಿಡಿದು ಹೇಳಿದವಳು ನೀನೇ ಅಲ್ಲವೇ? ಅದೂ ಒಳ್ಳೆಯದೇ ಆಯಿತು. ಇಲ್ಲಿ ಫೋನ್ ಹಿಡಿದರೆ ಸಾಕು, ಮನೆಯವರೆಲ್ಲ ಸುತ್ತ ಕೂತು ‘ಯಾರು, ಯಾರು’ ಎನ್ನುತ್ತಾರೆ. ಇಂಗ್ಲಿಷಿನಲ್ಲಿ ಶುರು ಮಾಡಿದ್ದೆ. ಹೆಡ್‌ಮಿಸ್ಟ್ರೆಸ್‌ಗೆ ಬರೆದ ರಜೆ ಅರ್ಜಿಯ ಹಾಗೆ ಕಂಡಿತು. ಹರಿದು ಹಾಕಿ ಕನ್ನಡಕ್ಕೆ ಬಂದೆ. ಒತ್ತಕ್ಷರ ತಪ್ಪಿದರೆ ನುಂಗಿಕೋ.

ಸಂಘಪಾಲ! ಈ ಹೆಸರು ಬರೆಯುವುದೇ ಒಂದು ಸುಖ ಕಣೇ. ಅವರು ನಗುವಾಗ ಎಡಗಣ್ಣು ಮೊದಲು ಮುಚ್ಚುತ್ತದೆ. ಬಸ್ ಸ್ಟ್ಯಾಂಡಿನ ಹತ್ತಿರ ಅವರ ಮೆಡಿಕಲ್ ಅಂಗಡಿ. ಉತ್ತರವನ್ನು ಅಲ್ಲಿಗೇ ಬರೆ, ಅವರೇ ತಂದುಕೊಡುತ್ತಾರಂತೆ. ಮೊನ್ನೆ ನನ್ನ ಡಬ್ಬಿ ನೋಡಿ, “ಬಂಗಾರ ಏನ?” ಎಂದರು.

“ಬಂಗಾರಕ್ಕಿಂತ ಹೆಚ್ಚಿಂದು, ನೋಡ್ರಿ,” ಎಂದು ಹತ್ತಿ ಬಿಡಿಸಿದೆ. ನನ್ನ ಹಳದಿ ಸವಾರರು ಒಬ್ಬೊಬ್ಬರಾಗಿ ಹೊರಗೆ ಬಂದರು.

“ಅರೇ, ಗೊಂಬಿ!”

“ಗೊಂಬಿ ಅಲ್ರಿ, ಫೌಜು. ಬೀದರ ಕಿಲ್ಲಾ ಹಿಡೀಲಿಕ್ಕ ಹೊಂಟದ.”

“ಯಾರ ಕೈಯಾಗ ಅದ ಕಿಲ್ಲಾ?”

“ರುಖ್ಸಾರನ ಕೈಯಾಗ.”

“ಅಕಿ ಲಗ್ನದಾಗ ನಿನ್ನ ಕೊರಳಿಗಿ ಬಿದ್ದು ಅಳ್ಲತ್ತಿದ್ದಳಲ್ಲ, ಅಕೀನೇ?”

ಅವರಿಗೆ ಎಲ್ಲ ಹೇಳಿದೆ. ಬೆರಳುದ್ದದ ಸೈನಿಕರಿಗೆ ಬಣ್ಣ ಹಚ್ಚಿ ಮೇಜಿನ ಮೇಲೆ ಯುದ್ಧ ಆಡುವವರನ್ನು ನಾವು ಬೀದರದ ಶಾಲೆಯಲ್ಲಿ ಎಂಟನೆಯ ತರಗತಿ ಓದುವಾಗ ಇಂಟರ್ನೆಟ್ಟಿನಲ್ಲಿ ನೋಡಿದ್ದು, ನಮಗೂ ಬೇಕೆಂದು ಹಟ ಹಿಡಿದದ್ದು, ನಿನ್ನ ಅಬ್ಬಾ ಬಿದ್ರಿ ಕಾರ್ಖಾನೆಯಲ್ಲಿ ಉಳಿದ ಲೋಹ ಕರಗಿಸಿ ನನಗೆ ಕುದುರೆ ಸವಾರರನ್ನು, ನಿನಗೆ ಬಂದೂಕಿನವರನ್ನು ಎರಕ ಹೊಯ್ದು ಕೊಟ್ಟದ್ದು. ಮುಖಗಳನ್ನು ಮಾತ್ರ ಚಾಚಾ ನುಣ್ಣಗೆ ಬಿಟ್ಟಿದ್ದರು, ಕಣ್ಣು ಮೂಗು ನಾವು ಬರೆದೆವು ಎಂದೆ. ಅವರು ಒಬ್ಬ ಸವಾರನನ್ನು ದೀಪಕ್ಕೆ ಹಿಡಿದು, “ಇವನ ಎರಡೂ ಕಣ್ಣ ಮೂಗಿನ ಕಡಿ ಓಡ್ಲತ್ತಾವ,” ಎಂದು ಬಿದ್ದು ಬಿದ್ದು ನಕ್ಕರು. ನೀನೂ ಅದನ್ನೇ ಹೇಳುತ್ತಿದ್ದೆ. ಇಬ್ಬರೂ ಒಂದೇ ಜಾತಿಯ ದುಷ್ಟರು.

ಮನೆ ಚೆನ್ನಾಗಿದೆ. ನಮ್ಮ ಔರಾದ ಮನೆಯ ಹಾಗೆ ಇಲ್ಲೂ ಪಡಸಾಲೆಯಲ್ಲಿ ಬುದ್ಧನ ಮೂರ್ತಿ, ಬಾಬಾಸಾಹೇಬರ ಫೋಟೋ. ಬೇರೆ ದೇವರು ದಿಂಡರು ಇಲ್ಲ. ಮಾವ ಕಾಶೀರಾಮ ಶಾಲೆಯ ಹೆಡ್‌ಮಾಸ್ತರರಾಗಿದ್ದವರು, ಮಾತು ಕಡಿಮೆ. ಅತ್ತೆ ಶೇವಂತಾಬಾಯಿ ಮೊದಲ ದಿನವೇ ನನ್ನ ತಲೆಗೆ ಎಣ್ಣೆ ಹಚ್ಚಿದರು. ನಮ್ಮ ಕೋಣೆಯ ಗೋಡೆಯಲ್ಲಿ ಒಂದು ಕಲ್ಲಿನ ಗೂಡು ಇದೆ, ಎದುರಿಗೆ ಕಿಟಕಿ, ಮುಂಜಾನೆಯ ಬಿಸಿಲು ನೇರ ಒಳಗೆ. ಇಷ್ಟು ಚೆಂದದ ಗೂಡನ್ನು ಖಾಲಿ ಬಿಟ್ಟಿದ್ದಾರೆ! ನನ್ನ ಫೌಜು ಅಲ್ಲೇ ಡೇರೆ ಹಾಕಿದೆ.

ಹುಕುಂ: ಅರ್ಧ ಸವಾರರು ಮಂಡು ದರವಾಜೆಯ ಕಡೆಗೆ, ಅರ್ಧ ಕಂದಕದ ಆಚೆ. ನಿನ್ನ ಬಂದೂಕಿನವರಿಗೆ ಬದಲಾಗಿ ಇಲ್ಲಿ ಸಂಘಪಾಲರ ಹಳೆಯ ಅಂಗಿಯ ಗುಂಡಿಗಳನ್ನು ಇಟ್ಟಿದ್ದೇನೆ. ಗುಂಡಿಗಳು ಈಗಲೇ ಹೆದರಿವೆ.

ಗೆಲ್ಲಲಿರುವ ನಿನ್ನ,
ಪೂನಮ


ಬೀದರ
೩ ಜನವರಿ ೨೦೨೫

ಪೂನಿ,

ಪತ್ರ ಬಂತು. ಅಬ್ಬಾಗೆ ಓದಿ ಹೇಳಿದೆ. ಅವರಿಗೆ ಕನ್ನಡ ಓದಲು ಬರುವುದಿಲ್ಲ, ಆದರೆ ಹುಕುಂ ಕೇಳುವಾಗ ಕಣ್ಣು ಮುಚ್ಚಿ ತಲೆಯಾಡಿಸುತ್ತಾರೆ, ನಿಜವಾದ ಕಿಲ್ಲೇದಾರನ ಹಾಗೆ. ಈಗ ಕಾರ್ಖಾನೆಗೆ ಹೋಗುವುದು ಕಡಿಮೆ. ಕೈ ನಡುಗುತ್ತದೆ. ಕುದುರೆಯ ಅಚ್ಚು ಕಳೆದ ಮಳೆಗಾಲದಲ್ಲಿ ಒಡೆಯಿತು, ಹೊಸದು ಮಾಡಲಿಲ್ಲ. ಅದಕ್ಕೇ ಸವಾರರನ್ನು ಜೋಪಾನ ಮಾಡು.

ಅಬ್ಬಾನ ಅಕ್ಕ, ಫುಫು ಹಮೀದುನ್ನಿಸಾ ಬಂದು ಕೂತಿದ್ದಾಳೆ. ನಿನ್ನ ಪತ್ರ ಕೇಳಿ ಹಳೆಯ ರಾಗ ಎತ್ತಿದಳು. “ಬುತ್ ಬನಾಯಾ ತೂ, ಕುತುಬ್. ಮೂರ್ತಿ ಮಾಡೀದಿ. ನಾಳಿ ಅಲ್ಲಾಗ ಏನ್ ಹೇಳ್ತಿ?” ಅಬ್ಬಾ ಯಾವಾಗಿನ ಉತ್ತರವನ್ನೇ ಕೊಟ್ಟರು: “ಖಿಲೋನೇ ಹೈಂ, ಆಪಾ. ಹುಡುಗೀರ ಆಟದ ಸಾಮಾನ. ಮುಖ ಸುದ್ದಾ ನಾ ಮಾಡಿಲ್ಲ.” ಹತ್ತು ವರ್ಷದಿಂದ ಇದೇ ಜಗಳ, ಅದೇ ಚಹಾ.

ಹುಕುಂ: ಮಂಡು ದರವಾಜೆ ಮುಚ್ಚಿದೆ. ತೋಪು ನಿನ್ನ ಕಡೆಗೆ ತಿರುಗಿದೆ. ಗುಂಡಿಗಳಿಗೆ ಧೈರ್ಯ ಹೇಳು.

ರುಖ್ಸಾರ


ಭಾಲ್ಕಿ
೨೬ ಜನವರಿ ೨೦೨೫

ರುಖ್ಖು, ರುಖ್ಖು,

ತೋಪು ತಿರುಗಿಸಿದೆಯಾ? ಮೋಸಗಾತಿ! ನನ್ನ ಮುಂದಿನ ಸಾಲು ಹೋಯಿತು. ಸಂಘಪಾಲ ನಿನ್ನ ಪತ್ರ ತಂದವರು ಕೈಗೆ ಕೊಡದೆ ತಾವೇ ಓದಿ, “ಶರಣಾಗು,” ಎಂದರು. ಆಮೇಲೆ ಗೂಡಿನ ಮುಂದೆ ನನ್ನ ಜೊತೆ ಕೂತು, ಒಬ್ಬ ಸವಾರನನ್ನು ತಾವೇ ಎತ್ತಿ ಕಂದಕದ ಪಕ್ಕಕ್ಕೆ ಸರಿಸಿ, “ಇಲ್ಲಿಂದ ಹೋದ್ರ ಹ್ಯಾಂಗ?” ಎಂದು ಕೇಳಿದರು. ನೋಡು, ಎಷ್ಟು ಬೇಗ ಸೇನಾಪತಿಯಾದರು! ಅಂಗಡಿಯಿಂದ ಸಿರಿಂಜು ತಂದಿದ್ದಾರೆ, ಬಣ್ಣಕ್ಕೆ ಹನಿ ಹನಿಯಾಗಿ ನೀರು ಬೆರೆಸಲು. ಟಾನಿಕ್ ಬಾಟಲಿಯ ಮುಚ್ಚಳಗಳಲ್ಲಿ ಬಣ್ಣ ಕಲಸುತ್ತೇನೆ. ಇಂಥ ಗಂಡ ಬೀದರ ಜಿಲ್ಲೆಯಲ್ಲಿ ಇನ್ನೊಬ್ಬನಿಲ್ಲ, ಬರೆದಿಟ್ಟುಕೋ.

ಕೆಲವರ ಹಳದಿ ಕೋಟು ಸಿಪ್ಪೆ ಎದ್ದಿತ್ತು. ಹೊಸದಾಗಿ ಹಚ್ಚುತ್ತಿದ್ದೇನೆ. ಮುಂಜಾನೆ ಸ್ನಾನ ಮುಗಿಸಿ, ಅವರೆಲ್ಲರನ್ನೂ ತಾಮ್ರದ ತಾಟಿನಲ್ಲಿ ಸಾಲಾಗಿ ನಿಲ್ಲಿಸಿ, ಸಾಬೂನಿನ ನೀರು ಹಾಕಿ, ಒಬ್ಬೊಬ್ಬರನ್ನೇ ತೊಳೆದು, ಒರೆಸಿ, ಗೂಡಿನಲ್ಲಿ ಆರಲು ಇಡುತ್ತೇನೆ. ತೊಳೆಯದಿದ್ದರೆ ಬಣ್ಣ ಹಿಡಿಯುವುದಿಲ್ಲ, ನಿನಗೇ ಗೊತ್ತು. ಆಮೇಲೆ ಟೇಬಲ್ ಲ್ಯಾಂಪ್ ಹಚ್ಚಿ, ಕೆಳಗೆ ಚಾಪೆ ಹಾಕಿ, ಉಸಿರು ಬಿಗಿಹಿಡಿದು ಕೂರುತ್ತೇನೆ. ಕಣ್ಣು ಬರೆಯುವಾಗ ಹಣೆ ಗೂಡಿನ ಕಲ್ಲಿಗೆ ಹತ್ತುತ್ತದೆ.

ಅತ್ತೆ ಎರಡು ಸಲ ಬಾಗಿಲಿಗೆ ಬಂದು ಹಾಗೇ ಹೋದರು. ಮೂರನೆಯ ಸಲ ಬಂದಾಗ ನಾನು ಬ್ರಷ್ಷು ಬಾಯಲ್ಲಿ ಕಚ್ಚಿಕೊಂಡು ನಕ್ಕೆ. ಅವರು ನಗಲಿಲ್ಲ. “ಪೂನಮ, ಬಾಗಿಲಾ ಹಾಕ್ಕೊಂಡು ಕೂಡವ್ವ,” ಎಂದಷ್ಟೇ ಮೆಲ್ಲಗೆ ಹೇಳಿ, ತಾವೇ ಬಾಗಿಲು ಎಳೆದುಕೊಂಡು ಹೋದರು. ಎಷ್ಟು ಸೂಕ್ಷ್ಮ ನೋಡು! ಗಾಳಿಗೆ ಬಣ್ಣದ ಮೇಲೆ ಧೂಳು ಕೂರುತ್ತದೆ ಎಂದು ಅವರಿಗೆ ಹೇಗೆ ಗೊತ್ತಾಯಿತೋ. ಬೇರೆಯವರ ಅತ್ತೆಯರ ಕಥೆ ಕೇಳಿ ಸುಮ್ಮನೆ ಹೆದರಿದ್ದೆ.

ಹುಕುಂ: ಸಂಘಪಾಲರ ಸಲಹೆಯಂತೆ ಕಂದಕದ ದಾರಿ. ತಪ್ಪಾದರೆ ಬೈಗುಳ ಅವರಿಗೆ.

ನಿನ್ನ,
ಪೂನಮ


ಭಾಲ್ಕಿ
೧೭ ಫೆಬ್ರವರಿ ೨೦೨೫

ರುಖ್ಸಾರ,

ಗೂಡು ಖಾಲಿ. ಇವತ್ತು ಮಧ್ಯಾಹ್ನ ಬಟ್ಟೆ ಒಣಹಾಕಿ ಬಂದು ನೋಡಿದರೆ ಒಬ್ಬ ಸವಾರನೂ ಇಲ್ಲ. ಗುಂಡಿಗಳು ಮಾತ್ರ ಇವೆ.

ಮನೆಯೆಲ್ಲ ಹುಡುಕಿದೆ. ಅಡುಗೆಮನೆಗೆ ಹೋಗಿ, “ಅತ್ತಿ, ನನ್ನ ಸವಾರರ ಎಲ್ಲಿ?” ಎಂದೆ. ಅವರು ನನ್ನ ಬಾಯಿಗೆ ಕೈ ಇಟ್ಟರು. “ಮೆಲ್ಲಕ ಮಾತಾಡು. ನಿಮ್ಮ ಮಾವ ಪಡಸಾಲ್ಯಾಗ ಅದಾರ. ನಿನ್ನಿ ಮೆಹಕರಕ್ಕ ನಮ್ಮ ಅಕ್ಕನ ಮನಿಗಿ ಹೋದೆನಲ್ಲ, ಆವಾಗ ಒಯ್ದೆ. ಮಾಂಜ್ರಾ ಹೊಳ್ಯಾಗ ಬಿಟ್ಟು ಬಂದೀನಿ. ಅರಿವ್ಯಾಗ ಸುತ್ತಿ, ಮರ್ಯಾದಿಲೇ ಬಿಟ್ಟೀನಿ. ಯಾರಿಗೂ ಹೇಳಂಗಿಲ್ಲ ನಾ. ನೀನೂ ಹೇಳಬ್ಯಾಡ.”

ನನಗೆ ಏನೂ ಅರ್ಥವಾಗಲಿಲ್ಲ. ಹಾಗಾದರೆ ನಿನ್ನೆ ಇಡೀ ದಿನ ನನ್ನ ಸವಾರರು ಹೊಳೆಯಲ್ಲಿದ್ದರು, ನಾನು ನೆಂಟರ ಊಟಕ್ಕೆಂದು ಹಲಬರ್ಗಾಕ್ಕೆ ಹೋಗಿ ನಗುತ್ತಿದ್ದೆ, ರಾತ್ರಿ ತಡವಾಗಿ ಬಂದು ಗೂಡಿನ ಕಡೆ ನೋಡಿರಲೇ ಇಲ್ಲ. “ಯಾಕ್ರಿ?” ಎಂದೆ.

“ಹಳದಿ ಹಚ್ಚಿ, ಕುದುರಿ ಮ್ಯಾಲ ಕತ್ತಿ ಹಿಡದು ಕುಂತಾನ. ಮೈಲಾರನ್ನ ನಾ ಗುರುತ ಹಿಡಿಯಂಗಿಲ್ಲೇನ? ತೌರಮನಿಯಿಂದ ದೇವರನ್ನ ಡಬ್ಬ್ಯಾಗ ಮುಚ್ಚಿ ತಂದೀದಿ. ಅದೂ ಆ ಗೂಡನ್ಯಾಗೇ ಇಟ್ಟಿ!”

ರುಖ್ಖು, ಆ ಗೂಡು ಈ ಮನೆಯ ಹಳೆಯ ದೇವರ ಗೂಡಂತೆ. ಮಾವನ ಅಪ್ಪ ಬೌದ್ಧ ದೀಕ್ಷೆ ತೆಗೆದುಕೊಂಡು, ಇನ್ನು ಹಳೆಯ ದೇವರನ್ನು ಪೂಜಿಸುವುದಿಲ್ಲ ಎಂದು ಪ್ರತಿಜ್ಞೆ ಮಾಡಿದ ದಿನ ಅದನ್ನು ಖಾಲಿ ಮಾಡಿದ್ದರಂತೆ. ಅದಕ್ಕೇ ಅದರಲ್ಲಿ ಏನನ್ನೂ ಇಡುವುದಿಲ್ಲ. ನನಗೆ ಯಾರೂ ಹೇಳಿರಲಿಲ್ಲ. ನಾನು ತೊಳೆದದ್ದು ಅಭಿಷೇಕ, ದೀಪ ಹಚ್ಚಿದ್ದು ಪೂಜೆ, ಹಣೆ ತಾಗಿದ್ದು ನಮಸ್ಕಾರ.

ನನಗೆ ನಗು ಬಂತು, ಕೂಡಲೇ ಅಳು ಬಂತು. ಬಾಯಿಬಿಟ್ಟು ಅತ್ತುಬಿಟ್ಟೆ. ಮಾವ ಎದ್ದು ಬಂದರು. ಆಗ ಎಲ್ಲ ಹೊರಗೆ ಬಿತ್ತು. “ದೇವರಲ್ರಿ ಮಾವಾ, ಆಟದ ಸಾಮಾನ. ಖರೇನೇ ಆಟ,” ಎಂದೆ.

ಅತ್ತೆ ತಲೆ ಚಚ್ಚಿಕೊಂಡರು. “ಅದನ್ನೇ ಹೇಳಬ್ಯಾಡ. ನಮ್ಮ ಅತ್ತಿನೂ ಹಂಗೇ ಅಂದಿದ್ದಳು. ಜ್ವಾಳದ ಗುಮ್ಮಿಯಾಗ ದೇವರನ್ನ ಮುಚ್ಚಿಟ್ಟು, ಹುಡುಗರ ಆಟದ ಸಾಮಾನ ಅಂತ ಹೇಳಿದ್ದಳು. ಸಾಯೋತನಕ ಯಾರೂ ಅಕಿ ಸಂಗಟ ನೆಟ್ಟಗ ಮಾತಾಡಲಿಲ್ಲ.”

ಮಾವ ಒಂದೇ ಮಾತು ಕೇಳಿದರು: “ಇಪ್ಪತ್ನಾಲ್ಕ ವರ್ಷದ ಹೆಣ್ಣಮಗಳು ಆಟಾ ಆಡ್ತಾಳ?”

ಇದನ್ನು ಕೋಣೆಯಲ್ಲಿ ಕೂತು ಬರೆಯುತ್ತಿದ್ದೇನೆ. ಹೆದರಬೇಡ. ಸಂಘಪಾಲ ಸಂಜೆ ಅಂಗಡಿಯಿಂದ ಬರುತ್ತಾರೆ. ಅವರು ಆಡಿದ್ದಾರೆ, ಅವರೇ ಕೈಯಿಂದ ಸವಾರನನ್ನು ಸರಿಸಿದ್ದಾರೆ. ಅವರು ಒಂದು ಮಾತು ಹೇಳಿದರೆ ಮುಗಿಯಿತು. ಎಲ್ಲರೂ ನಗುತ್ತಾರೆ. ಅತ್ತೆಯೇ ಮೊದಲು ನಗುತ್ತಾರೆ. ಆಮೇಲೆ ನಾವೆಲ್ಲ ಹೊಳೆಗೆ ಹೋಗಿ ಹುಡುಕೋಣ.

ಚಾಚಾಗೆ ಏನು ಹೇಳಲಿ? ನೀನೇ ಹೇಳು.

ಪೂನಮ


ಬೀದರ
೨೪ ಫೆಬ್ರವರಿ ೨೦೨೫

ಪೂನಿ,

ನಿನ್ನ ಈ ಪತ್ರವನ್ನು ಯಾರಿಗೂ ಓದಿ ಹೇಳಿಲ್ಲ. ಹುಕುಂ ಬಂತಾ ಎಂದು ಅಬ್ಬಾ ಕೇಳಿದರು. ಪೋಸ್ಟ್ ತಡ ಎಂದೆ.

ನಿನ್ನ ಗಂಡ ಇಷ್ಟು ಹೊತ್ತಿಗೆ ಹೇಳಿರಬೇಕು. ಆದರೆ ಹೇಳಿದ್ದರೆ ನೀನು ಮರುದಿನವೇ ಬರೆಯುತ್ತಿದ್ದೆ. ನಿನಗೆ ಸುಮ್ಮನಿರಲು ಬರುವುದಿಲ್ಲ. ಅದಕ್ಕೇ ಕೇಳುತ್ತೇನೆ: ನಾನು ಬರಲೇ? ಬೀದರದಿಂದ ಭಾಲ್ಕಿ ಎಷ್ಟು ದೂರ? ನನ್ನ ಬಂದೂಕಿನವರನ್ನು ಚೀಲದಲ್ಲಿ ತರುತ್ತೇನೆ. ನಿಮ್ಮ ಮಾವನ ಎದುರಿಗೆ ನೆಲದ ಮೇಲೆ ಹರಡಿ ಆಟ ಆಡಿ ತೋರಿಸೋಣ. ಬುರ್ಖಾ ಹಾಕಿದವಳು ಮೈಲಾರನನ್ನು ತರುತ್ತಾಳೆಯೇ? ಅವರು ಹೆಡ್‌ಮಾಸ್ತರರು, ಇಷ್ಟು ತಿಳಿಯದೇ?

ಒಂದು ಮಾತು ನೆನಪಿಡು. ಅವು ಏನು ಎಂದು ನಿನಗೆ ಗೊತ್ತು. ಯಾರು ಎಷ್ಟು ಕೇಳಿದರೂ ಅದನ್ನೇ ಹೇಳು.

ಬೇಗ ಬರೆ.

ರುಖ್ಸಾರ


ಭಾಲ್ಕಿ
೨೦ ಮಾರ್ಚ್ ೨೦೨೫

ನನ್ನ ರುಖ್ಸಾರ,

ರಂಜಾನ್ ಹೇಗೆ ನಡೆದಿದೆ? ನಿನ್ನ ಅಮ್ಮಿ, ಮುನವ್ವರ ಚಾಚಿ ಮಾಡುವ ದಹಿ ವಡೆ ನೆನಪಾಗುತ್ತದೆ. ಇಲ್ಲಿ ಬಿಸಿಲು ಶುರುವಾಗಿದೆ. ನಾನು ಚೆನ್ನಾಗಿದ್ದೇನೆ. ನಿಜವಾಗಿಯೂ. ಈಗ ಎಲ್ಲ ಸರಿಹೋಗಿದೆ. ಅದನ್ನು ಹೇಳಲೆಂದೇ ಬರೆಯುತ್ತಿದ್ದೇನೆ.

ಸಂಘಪಾಲ ಆ ಸಂಜೆ ಬಂದರು. ಮಾವ ಕೇಳಿದರು, “ಇದು ಆಟ ಅಂತಾಳ. ನಿನಗೇನರೆ ಗೊತ್ತಾ?” ಸಂಘಪಾಲ ಕೈಯಲ್ಲಿದ್ದ ಅಂಗಡಿಯ ಕೀಲಿಕೈ ನೋಡುತ್ತ ನಿಂತರು. “ನಾ ದಿನಾ ಅಂಗಡ್ಯಾಗ ಇರ್ತೇನಿ ಅಪ್ಪ. ನನಗೇನ ಗೊತ್ತು,” ಎಂದರು.

ಅವರ ಮೇಲೆ ಸಿಟ್ಟಾಗಬೇಡ. ಅಪ್ಪನ ಮುಂದೆ ಅವರಿಗೆ ಚಿಕ್ಕಂದಿನಿಂದ ಮಾತೇ ಹೊರಡುವುದಿಲ್ಲವಂತೆ. ಆಮೇಲೆ ಕೋಣೆಯಲ್ಲಿ ನನ್ನ ಕೈ ಹಿಡಿದು, “ಹೆಣ್ಣಮಕ್ಕಳ ಸಂಗಟ ಗೊಂಬಿ ಆಡ್ತೀನಿ ಅಂತ ಹ್ಯಾಂಗ ಹೇಳಲಿ ಪೂನಮ?” ಎಂದರು. ಹೌದಲ್ಲ, ಹೇಗೆ ಹೇಳುತ್ತಾರೆ, ಪಾಪ.

ಆಮೇಲೆ ಮಾವ ನನ್ನ ಜೊತೆ ಮಾತು ಬಿಟ್ಟರು. ನಾನು ಇಟ್ಟ ಚಹಾ ಆರಿ ಹೋಗುತ್ತಿತ್ತು. ದೇವರನ್ನು ಇಟ್ಟಿದ್ದಕ್ಕಿಂತ ನಾನು ಸುಳ್ಳು ಹೇಳುತ್ತಿದ್ದೇನೆಂದು ಅವರಿಗೆ ಹೆಚ್ಚು ನೋವು. ನೀನು ಬರುವ ಮಾತು ಎತ್ತಿದೆ. ಅತ್ತೆ, “ಗೆಳತೀನ ಕರಿಸಿ ಸಾಕ್ಷಿ ಹೇಳಸ್ತಿಯೇನ?” ಎಂದರು. ಬಿಟ್ಟೆ. ಒಂದು ದಿನ ಸಂಘಪಾಲರೇ ಹೇಳಿದರು, “ಹೌದು ಅಂದುಬಿಡು. ತಪ್ಪಾತು ಅನ್ನು. ಮುಗೀತದ.”

ಅಂದುಬಿಟ್ಟೆ, ರುಖ್ಖು. ಕಳೆದ ಭಾನುವಾರ, ಪಡಸಾಲೆಯಲ್ಲಿ, ಎಲ್ಲರ ಮುಂದೆ.

“ಯಾವ ದೇವರು?” ಎಂದು ಮಾವ ಕೇಳಿದರು. ನನಗೆ ಹೆಸರು ಕೂಡ ಸರಿಯಾಗಿ ಹೊರಡಲಿಲ್ಲ. ಅತ್ತೆ ಹೇಳಿದ್ದನ್ನೇ ಹೇಳಿದೆ: “ಮೈಲಾರ.”

“ಯಾವಾಗಿಂದ?”

“ಸಣ್ಣಾಕಿ ಇದ್ದಾಗಿಂದ್ರಿ.”

“ದಿನಾ ತಲಿ ಬಾಗಸ್ತಿದ್ದೀ?”

“ಹೂಂರಿ.”

ಅತ್ತೆ ನನ್ನನ್ನು ಎದೆಗೆ ಒತ್ತಿಕೊಂಡು ಅತ್ತರು. “ನನ್ನ ಬಂಗಾರ, ಖರೇ ಹೇಳಿದಳು ನೋಡ್ರಿ. ನಮ್ಮ ಅತ್ತಿಗಿ ಇಷ್ಟು ಮಾತು ಬಂದಿದ್ದರ ಅಕಿ ಹಂಗ ಸಾಯ್ತಿದ್ದಿಲ್ಲ,” ಎಂದರು. ಅವರ ಕಣ್ಣೀರು ಸುಳ್ಳಲ್ಲ. ನನ್ನನ್ನು ಇಷ್ಟು ಗಟ್ಟಿಯಾಗಿ ನಮ್ಮ ಅವ್ವ ಕೂಡ ಹಿಡಿದುಕೊಂಡಿಲ್ಲ. ಮಾವ ನನ್ನ ಕೈಯ ಚಹಾ ಕುಡಿದರು.

ಆದರೆ ಮಾವ ನಮ್ಮ ಅಪ್ಪನಿಗೆ ಫೋನ್ ಮಾಡಿದರು. ನಿನಗೆ ಗೊತ್ತಲ್ಲ, ಉತ್ತಮ ಎನ್ನುವ ಅಪ್ಪನ ಹೆಸರು ಔರಾದದಲ್ಲಿ ಎಲ್ಲರಿಗೂ ಗೊತ್ತು. ಎಕಂಬಾದ ನಮ್ಮ ಹಳೆಯ ಮನೆಯಿಂದ ದೇವರ ಜಗಲಿಯನ್ನು ಸ್ವಂತ ಕೈಯಿಂದ ಕಿತ್ತು ಹಾಕಿದವರ ಮಗ. ನನ್ನ ಮೊದಲ ಬ್ರಷ್ಷು ಹೈದರಾಬಾದಿನಿಂದ ತಂದವರೂ ಅವರೇ. ಮಾವ ಫೋನನ್ನು ನನ್ನ ಕೈಗೆ ಕೊಟ್ಟರು. ಎಲ್ಲರೂ ನೋಡುತ್ತಿದ್ದರು. ಅಪ್ಪ, “ಯಾಕವ್ವಾ?” ಎಂದರು. ಎಲ್ಲರ ಮುಂದೆ ಮತ್ತೆ ಆಟ ಎನ್ನಲಾರದೆ ನಾನು ಫೋನನ್ನು ಕಿವಿಗೆ ಒತ್ತಿ ಹಿಡಿದೆ. ಅಪ್ಪ ಫೋನ್ ಇಟ್ಟುಬಿಟ್ಟರು. ಆವತ್ತಿನಿಂದ ನಾನು ಮಾಡಿದರೆ ಎತ್ತುತ್ತಿಲ್ಲ.

ಇಷ್ಟೇ. ಹುಕುಂ ಇಲ್ಲ. ಇನ್ನು ಈ ಮನೆಗೆ ಸಾಸಿವೆಯಷ್ಟು ಸೈನಿಕ ಬಂದರೂ ಅವನು ದೇವರೇ. ಕಿಲ್ಲಾ ನಿನ್ನದು.

ನೀನು ಆಡುತ್ತಿರು. ಹೇಗಾದರೂ ಆಡುತ್ತಿರು.

ನಿನ್ನ,
ಪೂನಮ


ಬೀದರ
೯ ಏಪ್ರಿಲ್ ೨೦೨೫

ಪೂನಮ,

ಈದ್ ಆಯಿತು. ಉತ್ತರ ತಡವಾಯಿತು.

ನಿನ್ನ ಪತ್ರ ಬಂದ ದಿನ ಅಬ್ಬಾ ವರಾಂಡದಲ್ಲಿದ್ದರು, ಫುಫುವೂ ಇದ್ದಳು. “ಪಢೋ,” ಎಂದರು. ಮುಚ್ಚಿಟ್ಟಿದ್ದ ಹಿಂದಿನ ಪತ್ರವನ್ನೂ ತಂದು ಎರಡನ್ನೂ ಓದಿದೆ. ನಡುವೆ ಬಿಡಬಹುದಾಗಿತ್ತು. ಸಿಟ್ಟಿನಲ್ಲಿದ್ದೆ, ಬಿಡಲಿಲ್ಲ. ‘ದಿನಾ ತಲಿ ಬಾಗಸ್ತಿದ್ದೀ’ ಎನ್ನುವ ಕಡೆ ಫುಫು ಅಬ್ಬಾನ ಮುಖ ನೋಡಿದಳು. ಇಷ್ಟು ವರ್ಷ ಬೈದವಳು ಆವತ್ತು ಮಾತ್ರ ಏನೂ ಅನ್ನಲಿಲ್ಲ.

“ಅವಳು ಮನೆಯವರ ಕಾಟಕ್ಕೆ ಸುಳ್ಳು ಹೇಳಿದ್ದಾಳೆ ಅಬ್ಬಾ, ಅವು ಆಟದ ಸಾಮಾನೇ,” ಎಂದೆ. ಅಬ್ಬಾ, “ನನಗ ಗೊತ್ತದ ಬೇಟಾ,” ಎಂದರು. “ಆ ಹುಡುಗಿ ಮ್ಯಾಲ ಸಿಟ್ಟಿಲ್ಲ. ಆದ್ರ ಅವು ದೇವರಂತ ಒಂದ್ ಮನಿ ಮಂದಿ ನಂಬ್ಯಾರ. ಹೊಳ್ಯಾಗ ಬಿಟ್ಟ ಆ ತಾಯಿ ಕೈ ಮುಗದ ಮ್ಯಾಲೇ ಬಿಟ್ಟಿರಬೇಕು. ನಾ ಮಾಡಿದ್ದಕ್ಕ ಕೈ ಮುಗದಾರ. ಇನ್ನ ಖಿಲೋನೇ ಅಂತ ನಾ ಯಾವ ಬಾಯಿಲೇ ಹೇಳಲಿ?”

ಈದ್ ಮುಗಿದ ಮೇಲೆ ಒಂದು ಮುಂಜಾನೆ ಕಾರ್ಖಾನೆಗೆ ಹೋದರು. ನನ್ನ ಬಂದೂಕಿನವರನ್ನು ನನ್ನಿಂದಲೇ ಕೇಳಿ ತೆಗೆದುಕೊಂಡರು. ನಾನು ಕೊಟ್ಟೆ, ಜೊತೆಗೆ ಹೋದೆ. ಮೊದಲು ಬಣ್ಣ ಸುಟ್ಟಿತು, ಹೊಲಸು ವಾಸನೆ, ಆಮೇಲೆ ಎಲ್ಲ ಒಂದೇ ಆಯಿತು. ಅಬ್ಬಾನ ಕೈ ಆವತ್ತು ನಡುಗಲಿಲ್ಲ. ಕರಗಿದ್ದನ್ನು ನೆಲದ ಮಣ್ಣಿನ ಮೇಲೆ ಹಾಗೇ ಸುರಿದರು. ಅದರಿಂದ ಏನೂ ಮಾಡಲಿಲ್ಲ.

ನಿನ್ನನ್ನು ಬೈಯಬೇಕೆಂದು ಎರಡು ಸಲ ಬರೆದು ಹರಿದೆ. ಯಾರನ್ನು ಬೈಯಲಿ? ನಿಮ್ಮ ಅತ್ತೆ ನಿನ್ನನ್ನು ಉಳಿಸಿದಳು. ಅಬ್ಬಾ ತನ್ನ ಈಮಾನ್ ಉಳಿಸಿಕೊಂಡರು. ಎಲ್ಲರೂ ಒಳ್ಳೆಯವರೇ.

ಕಿಲ್ಲಾ ನನ್ನದು ಎಂದೆ ನೀನು. ಕಾಯಲು ಯಾರೂ ಇಲ್ಲ.

ರುಖ್ಸಾರ


ಭಾಲ್ಕಿ
೧೮ ಮೇ ೨೦೨೫

ರುಖ್ಸಾರ,

ಉತ್ತರ ಬರೆಯಲು ಬಹಳ ದಿನ ತೆಗೆದುಕೊಂಡೆ. ಚಾಚಾಗೆ ನನ್ನ ಸಲಾಂ ಹೇಳು ಎಂದು ಬರೆಯಬೇಕೆನ್ನಿಸುತ್ತದೆ, ಹೇಳಬೇಡ ಎಂದೂ ಅನ್ನಿಸುತ್ತದೆ. ನಿನಗೆ ಸರಿ ಕಂಡಂತೆ ಮಾಡು.

ಬುದ್ಧ ಪೂರ್ಣಿಮೆ ಚೆನ್ನಾಗಿ ಆಯಿತು. ಓಣಿಯ ಹೆಂಗಸರೆಲ್ಲ ಬಿಳಿ ಸೀರೆಯಲ್ಲಿ ಬಂದಿದ್ದರು. ಅತ್ತೆ ನನ್ನನ್ನು ಮುಂದಿನ ಸಾಲಿನಲ್ಲಿ ಕೂರಿಸಿ ಎಲ್ಲರಿಗೂ, “ನಮ್ಮ ಪೂನಮ ಭಾಳ ಧೈರ್ಯದಾಕಿ,” ಎಂದು ಹೇಳಿದರು. ಪಕ್ಕದ ಮನೆಯ ಮೀರಾಬಾಯಿ ನನ್ನ ತಲೆ ಸವರಿ, “ದೇವರನ್ನ ಬಿಟ್ಟಿಯಲ್ಲ ತಾಯಿ, ಛಲೋ ಮಾಡಿದಿ,” ಎಂದಳು. ಅಪ್ಪ ಬರಲಿಲ್ಲ. ಬರುತ್ತಾರೆಂದು ಅವರಿಗಾಗಿ ಒಂದು ತಾಟು ತೆಗೆದಿಟ್ಟಿದ್ದೆ.

ಗೂಡಿಗೆ ಮಾವ ಸಿಮೆಂಟು ಹಾಕಿಸಿದರು. ಈಗ ಗೋಡೆ ಒಂದೇ ಸಮ ಇದೆ.

ಸಂಘಪಾಲ ಇತ್ತೀಚೆಗೆ ಬೇಗ ಮನೆಗೆ ಬರುತ್ತಾರೆ. ನಿನ್ನೆ ಒಂದು ಲೂಡೋ ತಂದರು. ದೊಡ್ಡದು, ಮಡಚುವಂಥದ್ದು. ಪಡಸಾಲೆಯಲ್ಲಿ ಹರಡಿದರು. ಮಾವ ಕೂಡ ಪೇಪರು ಬದಿಗಿಟ್ಟು ಕೂತರು. ಅತ್ತೆ ಕೆಂಪು ತೆಗೆದುಕೊಂಡರು, ಗಂಡನ ಕಾಯಿ ಹೊಡೆದಾಗ ಹುಡುಗಿಯ ಹಾಗೆ ಕೇಕೆ ಹಾಕಿದರು. ಅವರು ಇಷ್ಟು ನಕ್ಕಿದ್ದನ್ನು ನಾನು ನೋಡಿರಲಿಲ್ಲ. ನನಗೆ ಹಳದಿ ಕೊಡಲು ಹೋದ ಸಂಘಪಾಲ, ಕೈ ಹಿಂದಕ್ಕೆ ತೆಗೆದು, ಹಸಿರು ಕೊಟ್ಟರು. ಆಮೇಲೆ ಆಟ ಮುಗಿಯುವವರೆಗೆ ನನ್ನ ಮುಖವನ್ನೇ ನೋಡುತ್ತಿದ್ದರು, ನಾನು ಏನಾದರೂ ಅನ್ನುತ್ತೇನೆಂದು.

ಅತ್ತೆ ಗೆದ್ದರು. ಕಾಯಿಗಳನ್ನೆಲ್ಲ ಡಬ್ಬಿಗೆ ತುಂಬುತ್ತ, “ಆಟಾ ಅಂದ್ರ ಹಿಂಗ ಇರಬೇಕು ನೋಡು, ಪೂನಮ,” ಎಂದರು.

ನಾನು ಹೂಂ ಅಂದೆ.

ಪೂನಮ